ಬಿಗಿಯದ ಬೋಲ್ಟು, ಮುರಿಯುವ ಕಮಾನು

ಕೊಳ್ಳೇಗಾಲದ ಸುತ್ತಿನ ರಸ್ತೆಗಳಲ್ಲಿ, ಅದರಲ್ಲೂ ಮುಳ್ಳೂರಿನಂಥ ಕಾವೇರಿ ದಡದ ಊರುಗಳ ಕಡೆಗೆ, ಸುಗ್ಗಿಯ ಕಾಲದಲ್ಲಿ ಒಂದು ನೋಟ ಸಾಮಾನ್ಯ. ಭತ್ತವನ್ನೋ ಕಬ್ಬನ್ನೋ ಹೇರಿಕೊಂಡ ಟ್ರಾಕ್ಟರಿನ ಟ್ರೇಲರು ರಸ್ತೆಯ ಅಂಚಿನಲ್ಲಿ ಒಂದು ಪಕ್ಕಕ್ಕೆ ವಾಲಿ ನಿಂತಿರುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟಿರುತ್ತಾರೆ. ಏನಾಯಿತೆಂದು ಕೇಳಿದರೆ ‘ಬ್ಲೇಡು ಕಟ್ಟಾಯ್ತು’ ಎಂಬ ಉತ್ತರ ಸಿಗುತ್ತದೆ. ಬ್ಲೇಡು ಎಂದರೆ ಗಾಡಿಯ ಭಾರ ಹೊರುವ ಕಮಾನು ಪಟ್ಟಿ. ಅದೇಕೆ ಮುರಿಯಿತೆಂದು ಕೇಳಿದರೆ ಎರಡರಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ. ಒಂದು, ‘ಲೋಡು ಜಾಸ್ತಿ ಆಯ್ತು.’ ಇನ್ನೊಂದು, ‘ರೋಡು ಸರಿಯಿಲ್ಲ.’

ಎರಡೂ ಸುಳ್ಳಲ್ಲ. ಆದರೆ ಮೂರನೆಯ ಕಾರಣವೊಂದಿದೆ. ಅದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಗಾಡಿ ರಸ್ತೆಗೆ ಇಳಿಯುವ ಮೊದಲೇ, ಅದನ್ನು ಜೋಡಿಸಿದ ದಿನವೇ, ಮುರಿಯುವಿಕೆಗೆ ನಾಂದಿಯಾಗಿರಬಹುದು. ಪಟ್ಟಿಯ ಉಕ್ಕು ಒಳ್ಳೆಯದೇ ಇರಬಹುದು, ಬೋಲ್ಟೂ ಒಳ್ಳೆಯದೇ ಇರಬಹುದು. ಕೂಡಿಸಿದ ರೀತಿ ಮಾತ್ರ ತಪ್ಪಿರುತ್ತದೆ. ಟ್ರೇಲರಿಗೆ ಅನ್ವಯಿಸುವ ಈ ಮಾತು ಬಸ್ಸಿಗೂ, ನಮ್ಮ ಮಕ್ಕಳನ್ನು ಶಾಲೆಗೆ ಕೊಂಡೊಯ್ಯುವ ವ್ಯಾನಿಗೂ ಅನ್ವಯಿಸುತ್ತದೆ. ಆದ್ದರಿಂದ ಈ ವಾರ ಕಮಾನಿನ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಕಮಾನು ಮಾಡುವ ಕೆಲಸ

ಹಳೆಯ ಮರದ ಎತ್ತಿನ ಗಾಡಿಗೆ ಕಮಾನು ಇರುತ್ತಿರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಗಾಡಿಯ ಮೈ ಕೂರುತ್ತಿತ್ತು. ಚಕ್ರಕ್ಕೆ ಕಲ್ಲು ಸಿಕ್ಕಿದರೆ ಆ ಪೆಟ್ಟು ಕುಳಿತವರ ಬೆನ್ನಿಗೇ ತಗುಲುತ್ತಿತ್ತು. ಎತ್ತು ನಡೆಯುವ ವೇಗಕ್ಕೆ ಅದನ್ನು ಹೇಗೋ ಸಹಿಸಬಹುದಾಗಿತ್ತು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಬಸ್ಸಿನಲ್ಲಿ ಹಾಗಾದರೆ ಕುಳಿತವರೂ ಉಳಿಯುವುದಿಲ್ಲ, ಗಾಡಿಯೂ ಉಳಿಯುವುದಿಲ್ಲ. ಚಕ್ರ ಮೇಲೆದ್ದಾಗ ಗಾಡಿಯ ಮೈ ಅದರೊಂದಿಗೆ ಎಗರದಂತೆ ನಡುವೆ ಬಾಗುವ ವಸ್ತುವೊಂದು ಬೇಕು. ಅದೇ ಕಮಾನು.

ಬಸ್ಸು, ಲಾರಿ ಮತ್ತು ಅನೇಕ ಟ್ರೇಲರುಗಳಲ್ಲಿ ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಎಲ್ಲಕ್ಕಿಂತ ಉದ್ದದ ಪಟ್ಟಿಯ ಎರಡು ತುದಿಗಳನ್ನು ಸುರುಳಿಯಾಗಿ ಬಾಗಿಸಿ, ಅವುಗಳ ಮೂಲಕ ಗಾಡಿಯ ಚೌಕಟ್ಟಿಗೆ ಸಿಕ್ಕಿಸುತ್ತಾರೆ. ಕೆಳಗೆ ಹೋದಂತೆ ಪಟ್ಟಿಗಳು ಗಿಡ್ಡವಾಗುತ್ತವೆ. ಇದಕ್ಕೆ ಕಾರಣವಿದೆ. ಎರಡು ತುದಿಗಳಲ್ಲಿ ಆಧಾರ ಕೊಟ್ಟ ಹಲಗೆಯ ನಡುವೆ ಒಬ್ಬರು ನಿಂತರೆ ಹಲಗೆ ಎಲ್ಲಿ ಹೆಚ್ಚು ಬಾಗುತ್ತದೆ? ನಡುವೆ. ಮುರಿಯುವುದಾದರೂ ನಡುವೆಯೇ. ಕಮಾನಿಗೂ ಒತ್ತಡ ಹೆಚ್ಚು ಬೀಳುವುದು ನಡುಭಾಗದಲ್ಲಿ. ಅದಕ್ಕಾಗಿ ಅಲ್ಲಿ ಎಲ್ಲ ಪಟ್ಟಿಗಳೂ ಒಟ್ಟಾಗಿ ದಪ್ಪವಾಗುತ್ತವೆ, ತುದಿಯಲ್ಲಿ ತೆಳುವಾಗುತ್ತವೆ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಏರುವ ತಿರುವುಗಳಲ್ಲಿ ತುಂಬಿದ ಬಸ್ಸು ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದ ಕಮಾನಿನ ಮೇಲೆ ಬೀಳುವ ಭಾರವನ್ನು ನೀವೇ ಊಹಿಸಿಕೊಳ್ಳಿ.

ಮುರಿಯುವುದು ಎಲ್ಲಿ?

ಪಟ್ಟಿಗಳು ಒಂದರ ಮೇಲೊಂದು ಸರಿಯದಿರಲು ನಡುವೆ ತೂತು ಕೊರೆದು ಒಂದು ಬೋಲ್ಟು ಹಾಕಿರುತ್ತಾರೆ. ಅದು ಸೆಂಟರ್ ಬೋಲ್ಟು. ಒತ್ತಡ ಅತಿ ಹೆಚ್ಚಾಗಿರುವ ಜಾಗದಲ್ಲೇ ತೂತು! ಇದು ಅಪಾಯವಲ್ಲವೆ ಎಂದು ನೀವು ಕೇಳಬಹುದು. ಹೌದು, ಅಪಾಯವೇ. ಅದಕ್ಕೆಂದೇ ಆ ಜಾಗದ ಎರಡೂ ಬದಿಗೆ ‘ಯು’ ಆಕಾರದ ಎರಡು ದಪ್ಪ ಬೋಲ್ಟುಗಳನ್ನು ಹಾಕಿ, ಕಮಾನನ್ನು ಆಕ್ಸಲಿಗೆ ಒತ್ತಿ ಬಿಗಿಯುತ್ತಾರೆ. ಯು ಬೋಲ್ಟುಗಳು ಬಿಗಿಯಾಗಿರುವವರೆಗೆ ಅವುಗಳ ನಡುವಿನ ಭಾಗ ಒಂದೇ ಗಟ್ಟಿಯಂತೆ ಇರುತ್ತದೆ. ತೂತಿರುವ ಜಾಗ ಬಾಗುವುದೇ ಇಲ್ಲ.

ಯು ಬೋಲ್ಟು ಸಡಿಲವಾಯಿತೆನ್ನಿ. ಆಗ ಪಟ್ಟಿ ತೂತಿನ ಜಾಗದಲ್ಲೂ ಬಾಗತೊಡಗುತ್ತದೆ. ತಂತಿಯೊಂದನ್ನು ಹತ್ತಾರು ಸಲ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಅದು ತುಂಡಾಗುವುದನ್ನು ನೀವು ಕಂಡಿದ್ದೀರಿ. ಲೋಹಕ್ಕೂ ದಣಿವಿದೆ. ಒಂದು ಸಲದ ಭಾರಕ್ಕೆ ಮುರಿಯದ ಉಕ್ಕು ಲಕ್ಷ ಸಲದ ಚಿಕ್ಕ ಬಾಗುವಿಕೆಗೆ ಮುರಿಯುತ್ತದೆ. ತೂತಿನ ಅಂಚಿನಿಂದ ಸಣ್ಣ ಸೀಳೊಂದು ಹೊರಟು, ದಿನದಿನಕ್ಕೆ ಬೆಳೆದು, ಒಂದು ದಿನ ಪಟ್ಟಿ ಎರಡಾಗುತ್ತದೆ. ಮುರಿದ ಪಟ್ಟಿ ಕೈಗೆ ಸಿಕ್ಕಾಗ ನೋಡಿ. ನಡುವಿನ ತೂತಿನ ಮೇಲೆಯೇ ಮುರಿದಿದ್ದರೆ, ಲೋಡನ್ನು ಬೈಯುವ ಮೊದಲು ಯು ಬೋಲ್ಟನ್ನು ಪರೀಕ್ಷಿಸಬೇಕು.

ಇನ್ನೂ ಒಂದು ಅನಾಹುತವಿದೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಮೇಲಿನ ಒಂದು ಗುಳಿಯಲ್ಲಿ ಕೂತು, ಆಕ್ಸಲ್ ತನ್ನ ಜಾಗದಲ್ಲಿರುವಂತೆ ನೋಡಿಕೊಳ್ಳುತ್ತದೆ. ಯು ಬೋಲ್ಟು ಸಡಿಲವಾದರೆ ಬ್ರೇಕು ಹಾಕಿದಾಗಿನ ಎಳೆತವೆಲ್ಲ ಈ ಚಿಕ್ಕ ಬೋಲ್ಟಿನ ಮೇಲೆ ಬೀಳುತ್ತದೆ. ಅದು ಕತ್ತರಿಸಿಹೋದರೆ ಆಕ್ಸಲ್ ಹಿಂದೆ ಸರಿದು ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ.

ಬೋಲ್ಟೂ ಒಂದು ಸ್ಪ್ರಿಂಗೇ

ಹಾಗಾದರೆ ಬೋಲ್ಟು ಸಡಿಲವಾಗುವುದೇಕೆ? ನಟ್ಟು ತಾನಾಗಿ ತಿರುಗಿ ಕಳಚುತ್ತದೆ ಎಂದೇ ನಾವು ತಿಳಿದಿದ್ದೇವೆ. ನಟ್ಟು ಒಂದಿಷ್ಟೂ ತಿರುಗದೆಯೂ ಬಿಗಿತ ಹೋಗಬಹುದು. ಇಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕವಿದೆ.

ನಟ್ಟನ್ನು ಬಿಗಿದಾಗ ಬೋಲ್ಟು ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಎರಡು ವಸ್ತುಗಳನ್ನು ಒತ್ತಿ ಹಿಡಿಯುವ ಬಲ. ಎಷ್ಟು ಹಿಗ್ಗುತ್ತದೆ? ಉಕ್ಕಿನ ಯಂಗ್ ಗುಣಾಂಕ ಚದರ ಮಿಲಿಮೀಟರಿಗೆ ಸುಮಾರು 2,00,000 ನ್ಯೂಟನ್. ಬೋಲ್ಟಿನ ಪ್ರತಿ ಚದರ ಮಿಲಿಮೀಟರಿನ ಮೇಲೆ 400 ನ್ಯೂಟನ್ ಎಳೆತ ಬರುವಂತೆ ಬಿಗಿದರೆ, 10 ಸೆಂಟಿಮೀಟರ್ ಉದ್ದದ ಬೋಲ್ಟು ಹಿಗ್ಗುವುದು 0.2 ಮಿಲಿಮೀಟರ್ ಮಾತ್ರ. ಇಷ್ಟು ಸಣ್ಣ ಹಿಗ್ಗುವಿಕೆಯ ಮೇಲೆ ಇಡೀ ಗಾಡಿ ನಿಂತಿದೆ.

ಈಗ ಜೋಡಣೆಯ ತಪ್ಪನ್ನು ನೋಡಿ. ಕಮಾನಿಗೂ ಆಕ್ಸಲಿಗೂ ದಪ್ಪವಾಗಿ ಬಣ್ಣ ಬಳಿದು, ಆ ಬಣ್ಣದ ಮೇಲೆಯೇ ಬೋಲ್ಟು ಬಿಗಿದಿದ್ದಾರೆ ಎಂದುಕೊಳ್ಳೋಣ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಕುಲುಕಾಟಕ್ಕೆ ನಡುವಿನ ಬಣ್ಣ ಪುಡಿಯಾಗಿ ಉದುರುತ್ತದೆ. ಉದುರಿದ ಬಣ್ಣದ ದಪ್ಪ 0.1 ಮಿ.ಮೀ. ಇದ್ದರೆ ಬೋಲ್ಟಿನ ಹಿಗ್ಗು 0.2ರಿಂದ 0.1ಕ್ಕೆ ಇಳಿಯಿತು. ಅಂದರೆ ಬಿಗಿತ ಅರ್ಧಕ್ಕರ್ಧ ಹೋಯಿತು. ನಟ್ಟು ಇದ್ದಲ್ಲೇ ಇದೆ! ಬಣ್ಣದಂತೆಯೇ ತುಕ್ಕು, ಬೆಸುಗೆಯ ಚೂರು, ಮಣ್ಣು ಇವೂ ಕೆಲಸ ಕೆಡಿಸುತ್ತವೆ. ಹೊಸ ಗಾಡಿಯನ್ನು ಮೊದಲ ಸರ್ವೀಸಿಗೆ ತಪ್ಪದೆ ತರಬೇಕೆಂದು ಕಂಪನಿಗಳು ಹೇಳುವುದರಲ್ಲಿ ಈ ಕಾರಣವೂ ಇದೆ. ಹೊಸ ಗಾಡಿಯ ಭಾಗಗಳು ಒಂದಕ್ಕೊಂದು ಹೊಂದಿ ಕೂತ ಮೇಲೆ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಬೇಕು.

ಎಷ್ಟು ಬಿಗಿಯಬೇಕೆಂಬುದನ್ನು ಕೈಯ ಅಂದಾಜಿಗೆ ಬಿಡಬಾರದು. ಅರ್ಧ ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 20 ಕಿಲೋ ಬಲ ಹಾಕಿದರೆ 10 ಕಿಲೋಗ್ರಾಂ-ಮೀಟರ್ ತಿರುಚುಬಲ, ಅಂದರೆ ಸುಮಾರು 98 ನ್ಯೂಟನ್-ಮೀಟರ್. ಇದನ್ನು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರ್ ಎಂಬ ಸಾಧನವಿದೆ. ನಾವು ಹಾಕುವ ಈ ಶ್ರಮದಲ್ಲಿ ಬೋಲ್ಟನ್ನು ಹಿಗ್ಗಿಸಲು ಒದಗುವುದು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಘರ್ಷಣೆಗೆ ಹೋಗುತ್ತದೆ. ಬೋಲ್ಟಿನ ಮರೆಯಲ್ಲಿ ತುಕ್ಕಿದ್ದರೆ ‘ಬಿಗಿಯಾಯಿತು’ ಎಂದು ಕೈಗೆ ಅನ್ನಿಸಿದರೂ ಒಳಗೆ ಬಿಗಿಯಾಗಿರುವುದಿಲ್ಲ. ಹಾಗೆಂದು ಗಾಳಿಯ ಗನ್ನಿನಿಂದ ಮನಸ್ಸಿಗೆ ಬಂದಷ್ಟು ಬಿಗಿದರೂ ತಪ್ಪೇ. ಮಿತಿ ಮೀರಿ ಹಿಗ್ಗಿದ ಬೋಲ್ಟು ಮತ್ತೆ ಕುಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ.

ಒಂದು ಡಿಗ್ರಿ ಓರೆ

ಕಮಾನಿನ ತುದಿಯ ಸುರುಳಿಯಲ್ಲಿ ಅನೇಕ ಗಾಡಿಗಳಿಗೆ ರಬ್ಬರಿನ ಬುಷ್ ಇರುತ್ತದೆ. ಚಕ್ರಗಳು ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಅದರ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ, ಗಾಡಿಯನ್ನು ನೆಲಕ್ಕೆ ಇಳಿಸಿದಾಗ ರಬ್ಬರು ತಿರುಚಿಕೊಳ್ಳುತ್ತದೆ. ನಿಂತಾಗಲೂ ಓಡುವಾಗಲೂ ಆ ತಿರುಚು ಹಾಗೇ ಇರುತ್ತದೆ. ವರ್ಷಗಟ್ಟಲೆ ಬರಬೇಕಾದ ಬುಷ್ ಬೇಗನೆ ಹರಿಯುತ್ತದೆ. ಗಾಡಿಯ ಭಾರವನ್ನು ಚಕ್ರದ ಮೇಲೆ ಇಳಿಸಿ, ಆಮೇಲೆ ಕೊನೆಯ ಬಿಗಿತ ಕೊಡುವುದು ಸರಿಯಾದ ಕ್ರಮ. ಹೆಚ್ಚಿನ ಖರ್ಚಿಲ್ಲ, ಕೆಲಸದ ಕ್ರಮ ಮಾತ್ರ ಸರಿಯಿರಬೇಕು.

ಇನ್ನು ಆಕ್ಸಲಿನ ನೇರ. ಎರಡು ಆಕ್ಸಲುಗಳ ಟ್ರೇಲರಿನಲ್ಲಿ ಒಂದನ್ನು ಒಂದೇ ಒಂದು ಡಿಗ್ರಿ ಓರೆಯಾಗಿ ಕೂಡಿಸಿದರೆಂದು ಇಟ್ಟುಕೊಳ್ಳಿ. ಒಂದು ಡಿಗ್ರಿಯ ಸೈನ್ ಬೆಲೆ 0.0175. ಅಂದರೆ ಮುಂದೆ ಸಾಗುವ ಪ್ರತಿ ಕಿ.ಮೀ.ಗೆ ಆ ಚಕ್ರ ಸುಮಾರು 17 ಮೀಟರಿನಷ್ಟು ಅಡ್ಡಕ್ಕೆ ಉಜ್ಜಬೇಕು. ಕೊಳ್ಳೇಗಾಲದಿಂದ ಮೈಸೂರಿಗೆ ಸುಮಾರು 60 ಕಿ.ಮೀ. ಅಷ್ಟು ದೂರಕ್ಕೆ ಟೈರು ಅಡ್ಡಲಾಗಿ ಒಂದು ಕಿ.ಮೀ. ಉಜ್ಜಿದ ಹಾಗಾಯಿತು. ಟೈರಿನ ಒಂದೇ ಅಂಚು ಬೋಳಾಗಿದ್ದರೆ ಟೈರಿನ ಕಂಪನಿಯನ್ನು ದೂರುವ ಮೊದಲು ಆಕ್ಸಲನ್ನು ಅಳೆಸಬೇಕು.

ಹೊರದೇಶದಲ್ಲೂ ಇದೇ ಕಥೆ

ಇಂಥ ತಪ್ಪುಗಳು ನಮ್ಮ ಊರಿನ ಸಣ್ಣ ಷೆಡ್ಡುಗಳಲ್ಲಿ ಮಾತ್ರ ಆಗುತ್ತವೆ, ದೊಡ್ಡ ಕಾರ್ಖಾನೆಗಳಲ್ಲಿ ಆಗುವುದಿಲ್ಲ ಎಂದು ತಿಳಿಯಬೇಡಿ. ಆಸ್ಟ್ರೇಲಿಯದಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಕ್ಯಾರವಾನ್ ಎಂಬ ಚಕ್ರದ ಮನೆಗಳು ಬಹಳ. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗೆ. ಒಂದು ಲೆಕ್ಕದಲ್ಲಿ ನಮ್ಮ ಟ್ರೇಲರಿನ ಶ್ರೀಮಂತ ನೆಂಟ. ಅಲ್ಲಿನ ಗ್ರಾಹಕ ಆಯೋಗ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಮೀಕ್ಷೆಗೆ ಉತ್ತರಿಸಿದ ಮಾಲೀಕರಲ್ಲಿ ನೂರಕ್ಕೆ 80 ಮಂದಿ ತಮ್ಮ ಹೊಸ ಕ್ಯಾರವಾನಿನಲ್ಲಿ ಏನಾದರೊಂದು ತೊಂದರೆ ಅನುಭವಿಸಿದ್ದರು. ಹೊಸದೆಂದರೆ ದೋಷವಿಲ್ಲದ್ದು ಎಂಬ ನಂಬಿಕೆ ಅಲ್ಲಿಯೂ ಜನರನ್ನು ಕಾಯಲಿಲ್ಲ.

ವಿಮಾನದ ಉದಾಹರಣೆ ಇನ್ನೂ ಕಣ್ತೆರೆಸುವಂಥದು. 2024ರ ಜನವರಿ 5ರಂದು ಅಮೆರಿಕದ ಅಲಾಸ್ಕಾ ಏರ್‌ಲೈನ್ಸಿನ ಬೋಯಿಂಗ್ 737 ಮ್ಯಾಕ್ಸ್ ವಿಮಾನ ಮೇಲೇರುತ್ತಿದ್ದಾಗ ಅದರ ಗೋಡೆಯಲ್ಲಿ ಬಾಗಿಲಿನ ಜಾಗವನ್ನು ಮುಚ್ಚಿದ್ದ ಫಲಕ ಹಾರಿಹೋಯಿತು. ಪ್ರಾಣಹಾನಿಯಾಗದಿದ್ದುದು ಪುಣ್ಯ. ಫಲಕವನ್ನು ಹಿಡಿದಿರಬೇಕಾದ ನಾಲ್ಕು ಬೋಲ್ಟುಗಳು ಅಲ್ಲಿ ಇರಲೇ ಇಲ್ಲವೆಂದು ತನಿಖೆಯಿಂದ ತಿಳಿಯಿತು. ಕಾರ್ಖಾನೆಯಲ್ಲಿ ರಿವೆಟ್ಟುಗಳ ದುರಸ್ತಿಗಾಗಿ ಅವುಗಳನ್ನು ಬಿಚ್ಚಿದ್ದರು, ಮತ್ತೆ ಹಾಕಿರಲಿಲ್ಲ. ಬಿಚ್ಚಿದ ಬಗ್ಗೆ ದಾಖಲೆಯನ್ನೂ ಬರೆದಿಟ್ಟಿರಲಿಲ್ಲ. ಬರೆದಿದ್ದರೆ ಮುಂದಿನವರು ನೋಡುತ್ತಿದ್ದರು.

ನಮ್ಮ ದೇಶದ್ದೂ ಒಂದಿದೆ. 2023ರ ಜುಲೈ 24ರಂದು ಮಾರುತಿ ಸುಜುಕಿ ಕಂಪನಿ ಎಸ್-ಪ್ರೆಸ್ಸೋ ಮತ್ತು ಈಕೋ ಮಾದರಿಯ 87,599 ಗಾಡಿಗಳನ್ನು ಪರೀಕ್ಷೆಗಾಗಿ ವಾಪಸು ಕರೆಸಿತು. ಇವು 2021ರ ಜುಲೈ 5ರಿಂದ 2023ರ ಫೆಬ್ರವರಿ 15ರವರೆಗೆ ತಯಾರಾದವು. ಸ್ಟಿಯರಿಂಗಿನ ಟೈ ರಾಡ್ ಎಂಬ ಭಾಗದಲ್ಲಿ ದೋಷವಿರಬಹುದು, ಅಪರೂಪಕ್ಕೆ ಅದು ಮುರಿಯಬಹುದು ಎಂಬುದು ಕಾರಣ. ಇದು ಬಿಡಿಭಾಗದ ದೋಷವೇ ಹೊರತು ಕಮಾನಿನದಲ್ಲ, ನಿಜ. ಆದರೆ ದೊಡ್ಡ ಕಾರ್ಖಾನೆಯಿಂದಲೂ ದೋಷ ಹೊರಗೆ ಬರಬಹುದು, ಬಂದರೆ ಬಹಿರಂಗವಾಗಿ ಹೇಳಿ ವಾಪಸು ಕರೆಸಬಹುದು ಎಂಬುದಕ್ಕೆ ಇದು ಸಾಕ್ಷಿ. ಈಕೋ ಮಾದರಿಯ ವ್ಯಾನುಗಳಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೆಂಬುದನ್ನು ಪೋಷಕರಿಗೆ ಬೇರೆ ಹೇಳಬೇಕಾಗಿಲ್ಲ.

ರಿಪೇರಿ ಆಯಿತು, ದೋಷ ಉಳಿಯಿತು

ನಮ್ಮ ಕಡೆ ಕಮಾನು ಮುರಿದರೆ ನಾವು ಮಾಡುವುದೇನು? ಹತ್ತಿರದ ಗ್ಯಾರೇಜಿಗೆ ತಂದು ಹೊಸ ಪಟ್ಟಿ ಹಾಕಿಸುತ್ತೇವೆ. ರೋಡನ್ನು ಬೈಯುತ್ತೇವೆ, ದುಡ್ಡು ಕೊಡುತ್ತೇವೆ, ಮರೆಯುತ್ತೇವೆ. ಅದೇ ದಿನಗಳಲ್ಲಿ ಅದೇ ಕಾರ್ಖಾನೆಯಿಂದ ಹೊರಟ ಇನ್ನೊಂದು ಗಾಡಿ ಹನೂರಿನಲ್ಲೋ ಯಳಂದೂರಿನಲ್ಲೋ ಓಡುತ್ತಿರಬಹುದು. ಅದರ ಬೋಲ್ಟೂ ಹಾಗೆಯೇ ಸಡಿಲವಾಗುತ್ತಿರಬಹುದು. ನಮ್ಮ ಮೌನದಿಂದ ಆ ಗಾಡಿಯವರಿಗೆ ತಿಳಿಯುವುದಿಲ್ಲ, ಕಾರ್ಖಾನೆಯೂ ಪಾಠ ಕಲಿಯುವುದಿಲ್ಲ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 110ಎ ಕಲಮು ಇದಕ್ಕೊಂದು ದಾರಿ ಮಾಡಿದೆ. ಒಂದು ಮಾದರಿಯ ಗಾಡಿಯ ದೋಷದಿಂದ ಪರಿಸರಕ್ಕೋ, ಚಾಲಕರಿಗೋ, ಒಳಗೆ ಕುಳಿತವರಿಗೋ ಅಪಾಯವಿದ್ದರೆ ಅವುಗಳನ್ನು ವಾಪಸು ಕರೆಸಿಕೊಳ್ಳುವಂತೆ ಕೇಂದ್ರ ಸರಕಾರ ಕಂಪನಿಗೆ ಆಜ್ಞೆ ಮಾಡಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸರಕಾರ ಆ ಹೆಜ್ಜೆ ಇಡಲು ಒಂದು ಆಧಾರ, ಎಷ್ಟು ಮಾಲೀಕರು ದೂರಿದ್ದಾರೆ ಎಂಬುದು. ಆದ್ದರಿಂದ ಒಬ್ಬರ ದೂರು ಒಬ್ಬರ ದೂರಷ್ಟೇ ಅಲ್ಲ, ಅದು ಒಂದು ಲೆಕ್ಕಕ್ಕೆ ಸೇರುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯೂ ತಯಾರಿಕೆಯ ದೋಷಕ್ಕೆ ತಯಾರಕರನ್ನು ಹೊಣೆ ಮಾಡುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮತ್ತೊಂದು ವಿಷಯ ಪೋಷಕರ ಗಮನಕ್ಕೆ. ಕಾರ್ಖಾನೆಯಿಂದಲೇ ಪೂರ್ತಿಯಾಗಿ ಸಿದ್ಧವಾಗಿ ಬಂದ ಹೊಸ ಸಾರಿಗೆ ವಾಹನಕ್ಕೆ ನೋಂದಣಿಯಾದಂದಿನಿಂದ ಎರಡು ವರ್ಷ ಅರ್ಹತಾ ಪತ್ರ, ಅಂದರೆ ಎಫ್.ಸಿ., ಇದ್ದಂತೆಯೇ ಎಂದು 2018ರಲ್ಲಿ ತಿದ್ದಿದ ನಿಯಮ ಹೇಳುತ್ತದೆ. ಜೋಡಣೆಯ ತಪ್ಪು ತಲೆ ಎತ್ತುವುದು ಸಾಮಾನ್ಯವಾಗಿ ಈ ಆರಂಭದ ದಿನಗಳಲ್ಲೇ. ‘ಹೊಸ ವ್ಯಾನು ಕಣ್ರೀ, ಏನೂ ಆಗಲ್ಲ’ ಎಂಬ ಮಾತಿಗೆ ಪೂರ್ತಿ ಒರಗಿಕೊಳ್ಳಬಾರದು.

ಪೋಷಕರು ಗಮನಿಸಬೇಕಾದವು

ಇದಕ್ಕೆ ಯಂತ್ರಶಾಸ್ತ್ರ ಓದಿರಬೇಕಾಗಿಲ್ಲ.

1. ಖಾಲಿ ವ್ಯಾನನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿದಾಗ ಹಿಂದಿನಿಂದ ನೋಡಿ. ಒಂದು ಪಕ್ಕಕ್ಕೆ ವಾಲಿದೆಯೆ?

2. ಟೈರಿನ ಒಂದು ಅಂಚು ಮಾತ್ರ ಸವೆದಿದೆಯೆ?

3. ನೇರ ರಸ್ತೆಯಲ್ಲಿ ವ್ಯಾನು ಮುಂದೆ ಹೋಗುವಾಗ ಹಿಂದಿನಿಂದ ಗಮನಿಸಿ. ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದೇ ಸಾಲಿನಲ್ಲಿವೆಯೆ, ಗಾಡಿ ಓರೆಯಾಗಿ ಹೋಗುತ್ತಿದೆಯೆ?

4. ಹಂಪು ದಾಟುವಾಗ ಕೆಳಗಿನಿಂದ ‘ಟಣ್’ ಎಂಬ ಸದ್ದು ಬರುತ್ತದೆಯೆ ಎಂದು ಮಕ್ಕಳನ್ನು ಕೇಳಿ. ದಿನವೂ ಅದರಲ್ಲಿ ಕೂರುವ ಮಕ್ಕಳಿಗೆ ಹೊಸ ಸದ್ದು ಬೇಗ ತಿಳಿಯುತ್ತದೆ.

5. ಮೊದಲ ಸರ್ವೀಸಿನ ಬಿಲ್ಲಿನಲ್ಲಿ ಕಮಾನಿನ ಬೋಲ್ಟುಗಳನ್ನು ಪರೀಕ್ಷಿಸಿದ ನಮೂದು ಇದೆಯೆ ಎಂದು ವಿಚಾರಿಸಿ.

ಡ್ರೈವರಣ್ಣನನ್ನು ಗದರಿಸಬೇಕಾಗಿಲ್ಲ. ಅದೇ ಗಾಡಿಯಲ್ಲಿ ಅವರ ಜೀವವೂ ಇದೆ. ವಿಶ್ವಾಸದಿಂದ ಕೇಳಿದರೆ ಅವರೇ ಗ್ಯಾರೇಜಿಗೆ ಒಯ್ಯುತ್ತಾರೆ. ಮುರಿದ ಭಾಗವನ್ನು ಗುಜರಿಗೆ ಹಾಕುವ ಮೊದಲು ಒಂದು ಫೋಟೋ ತೆಗೆದಿಡಲು ಹೇಳಿ, ದೂರು ಬರೆಯುವಾಗ ಅದು ಬೇಕಾಗುತ್ತದೆ. ಒಂದು ಎಚ್ಚರಿಕೆ: ಜಾಕಿನ ಮೇಲೆ ನಿಂತಿರುವ ಗಾಡಿಯ ಕೆಳಗೆ ಯಾವ ಕಾರಣಕ್ಕೂ, ಯಾರೂ ನುಗ್ಗಬಾರದು.

ಬಣ್ಣದ ಒಂದು ಗೆರೆ

ವಿದ್ಯಾರ್ಥಿಗಳೆ, ಒಳ್ಳೆಯ ಕಾರ್ಖಾನೆಗಳಲ್ಲಿ ಒಂದು ಸರಳ ಪದ್ಧತಿಯಿದೆ. ಬೋಲ್ಟನ್ನು ಅಳತೆಯಂತೆ ಬಿಗಿದ ಮೇಲೆ ಕೆಲಸಗಾರರು ನಟ್ಟಿನ ಮೇಲಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ‘ಇದನ್ನು ಬಿಗಿದಿದ್ದೇನೆ’ ಎಂಬುದಕ್ಕೆ ಅದು ಗುರುತು. ಮುಂದೆ ನಟ್ಟು ತಿರುಗಿದರೆ ಗೆರೆ ಎರಡಾಗಿ ಕಾಣುತ್ತದೆ. ಗೆರೆಯೇ ಇಲ್ಲದಿದ್ದರೆ ಮುಂದಿನ ಕೆಲಸಗಾರರು ನಿಲ್ಲಿಸಿ ಕೇಳುತ್ತಾರೆ. ನಮ್ಮ ಬಿಡದಿಯಲ್ಲೂ ಕಾರ್ಖಾನೆ ಇರುವ ಟೊಯೋಟಾ ಕಂಪನಿ ಜಪಾನಿನಲ್ಲಿ ರೂಪಿಸಿದ ಪದ್ಧತಿಯಲ್ಲಿ, ತಪ್ಪು ಕಂಡ ಸಾಮಾನ್ಯ ಕೆಲಸಗಾರನೂ ಹಗ್ಗವೊಂದನ್ನು ಎಳೆದು ಮೇಲಿನವರನ್ನು ಕರೆಯಬಹುದು. ತಪ್ಪು ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ತಿಂಗಳ ಕೊನೆಯ ಅವಸರದಲ್ಲಿ ಸಾಲು ನಿಲ್ಲುವುದು ಯಾರಿಗೂ ಇಷ್ಟವಿರದು. ಆದರೆ ಅಲ್ಲಿ ಉಳಿಸಿದ ಒಂದು ನಿಮಿಷಕ್ಕೆ ರಸ್ತೆಯಲ್ಲಿ ಬೇರೆ ಯಾರೋ ಬೆಲೆ ಕೊಡಬೇಕಾಗುತ್ತದೆ.

ನಿಮ್ಮಲ್ಲಿ ಹಲವರು ನಾಳೆ ಐ.ಟಿ.ಐ., ಡಿಪ್ಲೊಮಾ, ಎಂಜಿನಿಯರಿಂಗ್ ಓದಿ ಇಂಥ ಕಾರ್ಖಾನೆಗಳಿಗೇ ಹೋಗುವವರು. ಸ್ಪ್ಯಾನರು ಕೈಗೆ ಬಂದಾಗ ಈ ಗೆರೆಯನ್ನು ನೆನಪಿಡಿ. ಬಿಗಿಯದೆ ಎಳೆದ ಗೆರೆ ಸುಳ್ಳು ಸಾಕ್ಷಿಯಿದ್ದಂತೆ. ನೀವು ಬಿಗಿದ ಬೋಲ್ಟು ಯಾವ ಊರಿನ ಮಕ್ಕಳನ್ನು ಹೊತ್ತು ಓಡುತ್ತದೆಂದು ನಿಮಗೆ ಗೊತ್ತಾಗುವುದಿಲ್ಲ. ಆ ಮಕ್ಕಳಿಗೂ ನಿಮ್ಮ ಹೆಸರು ಗೊತ್ತಾಗುವುದಿಲ್ಲ. ಗೊತ್ತಾಗಲೇಬೇಕಾದ ಸಂದರ್ಭ ಬಾರದಂತೆ ಕೆಲಸ ಮಾಡಿದರೆ ಸಾಕು.